ಕಾಜಾ ಅತ್ತೆಯ ಎರಡನೇ ಯಜಮಾನ

ಅತ್ತೆ ಹೋದ ಮೇಲೆ ನಮ್ಮ ಬೀದಿಯವರಿಗೆಲ್ಲ ಅವಳು ದೇವರಂಥವಳಾಗಿಬಿಟ್ಟಿದ್ದಾಳೆ. ಬದುಕಿದ್ದಾಗ ಅವಳ ನಾಲಿಗೆಗೆ ಹೆದರಿ ಆಚೆ ಬದಿಯಲ್ಲಿ ನಡೆಯುತ್ತಿದ್ದವರೇ ಈಗ ಆ ತಾಯಿಯ ಮನಸ್ಸು ಬೆಣ್ಣೆ ಎನ್ನುತ್ತಾರೆ. ಬೆಣ್ಣೆಯಂತೆ, ಬೆಣ್ಣೆ. ಅವಳು ನನ್ನ ಅಪ್ಪನ ಅಕ್ಕ, ನಾನು ಕಸುಬು ಕಲಿಯಲೆಂದು ಬಂದು ಅವಳ ಜೊತೆಯಲ್ಲೇ ಉಳಿದವಳು. ಅವಳ ಮನಸ್ಸು ಹೇಗಿತ್ತು ಎನ್ನುವುದು ನನಗೆ ಗೊತ್ತು. ಅದಕ್ಕಿಂತ ಚೆನ್ನಾಗಿ ಈ ಬೀದಿಯವರ ಮನಸ್ಸು ಹೇಗಿತ್ತು ಎನ್ನುವುದು ಗೊತ್ತು.

ಕಾಜಾ ಎಂದರೆ ಅಂಗಿಯಲ್ಲಿ ಗುಂಡಿ ತೂರಿಸುವ ತೂತು. ಅದರ ಅಂಚನ್ನು ನೂಲಿನಿಂದ ಕಟ್ಟುವುದು ಅತ್ತೆಯ ಕೆಲಸ. ಪೇಟೆಯ ದರ್ಜಿಗಳು ಹೊಲಿದ ಅಂಗಿ, ಕೋಟುಗಳು ಗಂಟುಗಂಟಾಗಿ ನಮ್ಮ ಮನೆಗೆ ಬರುತ್ತಿದ್ದವು. ಕಾಜಾ ಹಾಕುವ ಮಿಷನ್ನು ಬಂದ ಮೇಲೂ ಒಳ್ಳೆಯ ಬಟ್ಟೆಯೆಲ್ಲ ಅವಳ ಕೈಗೇ ಬರುತ್ತಿತ್ತು. ಗುಂಡಿ ಯಾರು ಬೇಕಾದರೂ ಹಚ್ಚುತ್ತಾರೆ, ತೂತಿಗೆ ಮರ್ಯಾದೆ ಕೊಡುವುದೇ ಕಷ್ಟ ಎನ್ನುವುದು ಅವಳು ನನಗೆ ಹೇಳಿಕೊಟ್ಟ ಮೊದಲ ಪಾಠ. ಎರಡನೇ ಪಾಠ, ಕತ್ತರಿಯನ್ನು ಯಾರಿಗೂ ಕೊಡಬಾರದು. ಕಾಗದ ಕತ್ತರಿಸಿ ಮೊಂಡು ಮಾಡಿ ತಂದುಕೊಡುತ್ತಾರೆ ಎಂದು ಅವಳು ಸ್ವಂತ ತಮ್ಮನಿಗೂ, ಅಂದರೆ ನನ್ನ ಅಪ್ಪನಿಗೂ, ಇಲ್ಲವೆಂದವಳು.

ಮಾವ ಬೀಡಿಪ್ರಿಯ. ಇದ್ದ ಒಂದೇ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಸೇದುತ್ತಿದ್ದರು, ಗಾಳಿ ಬಂದರೆ ಬೆಂಕಿಕಡ್ಡಿ ಆರುತ್ತದಂತೆ. ಅವರು ಹೋದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಅತ್ತೆಯ ಎದೆಯ ಚಿತ್ರ ನೋಡಿ, ನೀವು ಬೀಡಿ ಸೇದುತ್ತಿದ್ದಿರಾ ಎಂದು ಕೇಳಿದರು. ಅವಳು, ಬೀಡಿ ಸೇದಿದ್ದು ಅವರು, ಕೆಮ್ಮು ಮಾತ್ರ ನನ್ನ ಹೆಸರಿಗೆ ಬರೆದಿಟ್ಟು ಹೋದರು, ಆಸ್ತಿ ಅಂತ ಬಿಟ್ಟದ್ದು ಅದೊಂದೇ ಎಂದಳು. ಹೊಗೆಯ ಜೊತೆಗೆ ವರ್ಷಗಟ್ಟಲೆ ನುಂಗಿದ ನೂಲಿನ ಧೂಳೂ ಸೇರಿತ್ತು. ಆಮೇಲೆ ಮನೆಗೆ ಆಕ್ಸಿಜನ್ ಯಂತ್ರ ಬಂತು.

ಅಡಿಯಲ್ಲಿ ಚಕ್ರವಿದ್ದ, ಬಕೆಟ್ಟಿಗಿಂತ ಸ್ವಲ್ಪ ಎತ್ತರದ ಪೆಟ್ಟಿಗೆ. ಕರೆಂಟು ಕೊಟ್ಟರೆ ಕೋಣೆಯ ಗಾಳಿಯನ್ನೇ ಎಳೆದು ಸೋಸಿ, ತೆಳುವಾದ ಕೊಳವೆಯಲ್ಲಿ ಮೂಗಿಗೆ ಕಳಿಸುತ್ತಿತ್ತು. ಹಗಲೂ ರಾತ್ರಿ ಗುರುಗುಟ್ಟುತ್ತಿತ್ತು. ಅತ್ತೆ ಅದನ್ನು ಎರಡನೇ ಯಜಮಾನ ಎಂದು ಕರೆದಳು. ಮೊದಲನೆಯವನು ಉಸಿರು ಕಟ್ಟಿಸಿದ, ಇವನು ಗೊಣಗಿಕೊಂಡಾದರೂ ಉಸಿರು ಕೊಡುತ್ತಾನೆ ಎನ್ನುವುದು ಅವಳ ಲೆಕ್ಕ. ಕೊಳವೆ ಒಲೆಯವರೆಗೆ ಎಟುಕುತ್ತಿತ್ತು, ಗೇಟಿನವರೆಗೆ ಎಟುಕುತ್ತಿರಲಿಲ್ಲ. ಕರೆಂಟು ಹೋದಾಗ ಇರಲೆಂದು ಒಂದು ಚಿಕ್ಕ ಸಿಲಿಂಡರೂ ಇತ್ತು, ಅದು ಸ್ವಲ್ಪ ಹೊತ್ತಿಗೆ ಖಾಲಿ. ಅದನ್ನು ತುಂಬಿಸಿ ತರಲು ಆಸ್ಪತ್ರೆಗೆ ಹೋಗುತ್ತಿದ್ದವನು ಹಿಟ್ಟಿನ ಗಿರಣಿಯವನು. ಔಷಧಿ ತರುತ್ತಿದ್ದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಈ ಹಂಗೇ ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಯಂತ್ರ ಕರೆಂಟನ್ನು ಕುಡಿಯುತ್ತಿತ್ತು, ಕಾಜಾ ಕೂಲಿ ಅದಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಬಿಲ್ಲು ಬಾಕಿ ಬೀಳುತ್ತಿತ್ತು. ಆದರೆ ಉಸಿರಿನ ಯಂತ್ರವಿರುವ ಮನೆಯ ಲೈನನ್ನು ಬಾಕಿಗಾಗಿ ಕತ್ತರಿಸಬಾರದು ಎಂದು ವಿದ್ಯುತ್ ಕಚೇರಿಯಲ್ಲಿ ಒಂದು ನಿಯಮವಿತ್ತು. ಅಂಥ ಮನೆಗಳ ಪಟ್ಟಿ ಮಾಡಿದರೆ ಲೈನ್‌ಮ್ಯಾನ್ ಅದನ್ನು ಓದಬೇಕು, ಓದಬೇಕಾದರೆ ಕನ್ನಡಕ ತರಬೇಕು. ಅದಕ್ಕೇ ಅವರು ಸುಲಭದ ದಾರಿ ಹುಡುಕಿದ್ದರು. ಮೀಟರಿನ ಪೆಟ್ಟಿಗೆಯ ಮೇಲೆ ಒಂದು ಹಸಿರು ಬೊಟ್ಟು. ಬೊಟ್ಟಿದ್ದರೆ ಮುಂದಿನ ಮನೆ, ಇಲ್ಲದಿದ್ದರೆ ಫ್ಯೂಸ್ ಕಿತ್ತು ಜೇಬಿಗೆ.

ಇಷ್ಟು ಒಳ್ಳೆಯ ನಿಯಮವನ್ನು ನಮ್ಮ ಬೀದಿ ಒಬ್ಬಳಿಗೇ ಬಿಟ್ಟುಕೊಡುತ್ತದೆಯೇ? ಮೊದಲು ಗಿರಣಿಯವನು ಬಾಗಿಲಿಗೆ ಬಳಿದು ಮಿಕ್ಕಿದ್ದ ಬಣ್ಣದಲ್ಲಿ ತನ್ನ ಮೀಟರಿಗೆ ಬೊಟ್ಟಿಟ್ಟ. ಲೈನ್‌ಮ್ಯಾನ್ ಮುಂದೆ ಹೋದ. ಅದನ್ನು ನೋಡಿ ಎದುರು ಮನೆ, ಅದನ್ನು ನೋಡಿ ಮೂಲೆ ಮನೆ. ಮೇಷ್ಟ್ರು ಮಾತ್ರ ಬಹಳ ದಿನ ತಡೆದುಕೊಂಡರು. ಜೀವಮಾನವಿಡೀ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಿವಿ ಹಿಂಡಿದವರು. ಕೊನೆಗೆ ಅವರೂ ಇಟ್ಟರು, ಕೈ ಪಳಗಿದ್ದರಿಂದ ಬೀದಿಯಲ್ಲೆಲ್ಲ ಅವರ ಬೊಟ್ಟೇ ದುಂಡಗೆ ಬಂತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಅತ್ತೆ ಗಿರಣಿಯವನನ್ನು ಕರೆದು, ಬೊಟ್ಟಿಟ್ಟುಕೊಂಡರೆ ಸಾಲದು, ಒಂದಿಷ್ಟು ಕೆಮ್ಮನ್ನೂ ಕಲಿತುಕೊಳ್ಳಿ ಎಂದಳು. ಅವನು ಹಲ್ಲು ಕಿರಿದ.

ಹೀಗೇ ನಡೆಯುತ್ತಿತ್ತೇನೋ. ಕಚೇರಿಗೆ ಹೊಸ ಸಾಹೇಬರು ಬಂದರು. ಒಂದೇ ಬೀದಿಯಲ್ಲಿ ಸಾಲುಸಾಲಾಗಿ ಎಲ್ಲರಿಗೂ ಉಸಿರಿನ ರೋಗ ಬಂದು ಯಾರೊಬ್ಬರೂ ಸಾಯದಿರುವುದು ಅವರಿಗೆ ಸೋಜಿಗವಾಯಿತು. ತಾವೇ ಬಂದು ಮನೆಮನೆಯ ಯಂತ್ರ ನೋಡುವುದಾಗಿ ಹೇಳಿದರು. ಬೊಟ್ಟು ನೋಡಿ ಕಣ್ಣುಮುಚ್ಚಿಕೊಂಡು ಹೋಗುತ್ತಿದ್ದ ಲೈನ್‌ಮ್ಯಾನಿನ ಕೊರಳಿಗೂ ಬರುತ್ತಿದ್ದ ವಿಷಯವಾದ್ದರಿಂದ ಅವನು ಓಡಿಬಂದು ಎಲ್ಲರಿಗೂ ಮುಂಚೆಯೇ ಸುದ್ದಿ ಮುಟ್ಟಿಸಿದ.

ಬೀದಿ ನಮ್ಮ ಮನೆಯಲ್ಲಿ ಸೇರಿತು. ಉಪಾಯ ಹೇಳಿದವರು ಮೇಷ್ಟ್ರು. ಸಾಹೇಬರು ನಮ್ಮ ಮನೆಯಿಂದ ಶುರು ಮಾಡುತ್ತಾರೆ, ಬೀದಿಯ ಮೊದಲ ಮನೆ ಅದು. ಅಲ್ಲಿ ಯಂತ್ರ ತೋರಿಸಿದ ಕೂಡಲೇ ಅದನ್ನು ಹಿತ್ತಲಿನಿಂದ ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ ಸಾಗಿಸುವುದು. ಮನೆಗೊಬ್ಬರು ಮಂಚದ ಮೇಲೆ ಮಲಗಿರುವುದು. ಅಷ್ಟು ಹೊತ್ತು ಅತ್ತೆ ಚಿಕ್ಕ ಸಿಲಿಂಡರ್ ಹಾಕಿಕೊಂಡಿರುವುದು. ನಾನು ಆಗುವುದಿಲ್ಲ ಎಂದೆ. ಗಿರಣಿಯವನ ಹೆಂಡತಿ ಅಳಲು ಶುರುಮಾಡಿದಳು. ಗಿರಣಿಯ ಲೈನು ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ಅವಳು ಅತ್ತದ್ದು ಸುಳ್ಳಲ್ಲ. ಅವಳ ಗಂಡ ಮಾತ್ರ ಆಡಿದ್ದು ಒಂದೇ ಮಾತು, ಸಿಲಿಂಡರ್ ತುಂಬಿಸೋಕೆ ನಾನು ಯಾವತ್ತಾದರೂ ಆಗಲ್ಲ ಅಂದಿದ್ದೀನಾ ಅತ್ತೆ ಎಂದು. ಅತ್ತೆ ಬಹಳ ಹೊತ್ತು ಸೂಜಿಗೆ ನೂಲು ಪೋಣಿಸುತ್ತ ಕೂತಳು. ಆಮೇಲೆ ಸರಿ ಎಂದಳು. ಕತ್ತರಿ ಕೊಡದವಳು ಉಸಿರನ್ನು ಕೊಟ್ಟಳು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಸಿಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಾಹೇಬರ ಜೀಪು ಬಂತು. ನಮ್ಮ ಮನೆಯ ಮುಂದೆ ಬಿಸಿಲಿತ್ತು, ಬೀದಿಯ ಆ ತುದಿಯಲ್ಲಿ ಮರದ ನೆರಳಿತ್ತು. ಡ್ರೈವರ್ ಜೀಪನ್ನು ನೆರಳಿನಲ್ಲಿ ನಿಲ್ಲಿಸಿದ. ಅಷ್ಟಕ್ಕೇ ಮೇಷ್ಟ್ರ ಲೆಕ್ಕವೆಲ್ಲ ತಲೆಕೆಳಗಾಯಿತು, ಸಾಹೇಬರು ಆ ತುದಿಯಿಂದ ಶುರು ಮಾಡಿದರು. ಗಿರಣಿಯವನು ಯಂತ್ರವನ್ನು ಎತ್ತಿಕೊಂಡು ಹಿತ್ತಲಿನಲ್ಲಿ ಓಡಿದ. ಅಲ್ಲಿಂದ ಅದು ಮನೆಯಿಂದ ಮನೆಗೆ ಸಾಹೇಬರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಅದರ ಗುರುಗುಟ್ಟುವಿಕೆ ಹತ್ತಿರವಾಗುವುದನ್ನೇ ಕೇಳುತ್ತ ನಾನು ಅತ್ತೆಯ ಪಕ್ಕ ಕೂತಿದ್ದೆ, ಒಂದು ಕಣ್ಣು ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳಿನ ಮೇಲಿತ್ತು.

ಕೊನೆಗೆ ಪಕ್ಕದ ಮೇಷ್ಟ್ರ ಮನೆ. ಮೇಷ್ಟ್ರು ಶಾಲೆಯ ನಾಟಕಗಳಲ್ಲೆಲ್ಲ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುತ್ತಿದ್ದವರು, ಒಮ್ಮೆಯೂ ಪಾತ್ರ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಅವರು ಕೆಮ್ಮಿದ ಕೆಮ್ಮಿಗೆ ಸಾಹೇಬರ ಕಣ್ಣು ಒದ್ದೆಯಾಯಿತಂತೆ. ಗುಮಾಸ್ತನನ್ನು ಕರೆದು, ಪಾಪ, ಒಂಟಿ ಜೀವ, ಇವರ ಪಕ್ಕದಲ್ಲೇ ಕೂತು ವಿವರ ಎಲ್ಲ ನಿಧಾನವಾಗಿ ಬರೆದುಕೋ ಎಂದು ಹೇಳಿ ತಾವು ಎದ್ದರು. ಗುಮಾಸ್ತ ಮಂಚದ ಬಳಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಯಂತ್ರ ಅಲ್ಲೇ ಉಳಿಯಿತು. ಸಾಹೇಬರು ನಮ್ಮ ಮನೆಗೆ ಬಂದರು.

ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅತ್ತೆಯ ಮೂಗಿನ ಕೊಳವೆಯ ಜಾಡು ಹಿಡಿದು ಸಿಲಿಂಡರಿನವರೆಗೆ ನೋಡಿದರು. "ಇದಕ್ಕೆ ಕರೆಂಟ್ ಬೇಡವಲ್ಲಮ್ಮ" ಎಂದರು.

ಬೀದಿಯ ಮಾನ ಹಾಳಾಗಲಿ ಎಂದು ನಾನು ಬಾಯಿಬಿಟ್ಟೆ. ನಮ್ಮ ಯಂತ್ರ ಪಕ್ಕದ ಮನೆಯಲ್ಲಿದೆ ಎಂದೆ. ಅದು ಮೇಷ್ಟ್ರದ್ದು, ಈಗ ತಾನೇ ಕಣ್ಣಾರೆ ನೋಡಿ ಬಂದೆ ಎಂದರು ಸಾಹೇಬರು. ಬೇಕಾದರೆ ಅವರನ್ನೇ ಕೇಳಿ ಎಂದೆ. ಅವರು ಕಿಟಕಿಯಿಂದ ಕೂಗಿ ಕೇಳಿಯೂ ಕೇಳಿದರು, ಯಂತ್ರ ನಿಮ್ಮದೇ ತಾನೇ ಎಂದು. ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೆಮ್ಮಿದರು.

ಸಾಹೇಬರು ಗುಮಾಸ್ತನನ್ನು ಕರೆದುಕೊಂಡು ಹೋಗಿ ಜೀಪಿನಲ್ಲಿ ಕೂತರು. ಲೈನ್‌ಮ್ಯಾನ್ ಸೀಮೆಎಣ್ಣೆಯ ಬಟ್ಟೆಯಲ್ಲಿ ನಮ್ಮ ಬೊಟ್ಟನ್ನು ಒರೆಸಿದ, ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಬೀದಿಯಲ್ಲಿ ನಿಜವಾಗಿ ಉಸಿರಿಲ್ಲದವಳು ಒಬ್ಬಳು, ಲೈನಿಲ್ಲದ ಮನೆಯೂ ಒಂದೇ ಆಯಿತು. ಮೇಷ್ಟ್ರ ಮನೆಯಿಂದ ಗೋಡೆಯ ಮೇಲೆ ವೈರ್ ಎಳೆದರೆ ಎರಡು ಮನೆಯ ಲೈನನ್ನೂ ತೆಗೆಯಬೇಕಾಗುತ್ತದೆ ಎಂದು ಅವನು ನೆಲ ನೋಡಿಕೊಂಡು ಹೇಳಿ ಹೋದ.

ಸಿಲಿಂಡರಿನ ಮುಳ್ಳು ಕೆಳಗಿಳಿಯುತ್ತಿತ್ತು. ಅತ್ತೆ ನನ್ನ ಭುಜ ಹಿಡಿದುಕೊಂಡು ಎದ್ದಳು, ಮೇಷ್ಟ್ರ ಮನೆಗೆ ನಡೆದಳು, ಅವರ ಮೂಗಿನಿಂದ ಕೊಳವೆ ತೆಗೆದು ತನ್ನ ಸೆರಗಿನಲ್ಲಿ ಒರೆಸಿ ತಾನು ಹಾಕಿಕೊಂಡಳು. ಮಂಚದಿಂದ ಏಳಿ ಎನ್ನುವಂತೆ ಕೈಮಾಡಿದಳು. ಅವತ್ತಿನಿಂದ ಅವಳ ವಾಸ ಅಲ್ಲೇ.

ಬೀದಿಗೆ ಒಳ್ಳೆಯ ಮೇವು ಸಿಕ್ಕಿತು. ಹೆಂಡತಿ ಸತ್ತ ಮೇಷ್ಟ್ರು ಬೆಂಚಿನ ಮೇಲೆ, ಗಂಡ ಸತ್ತ ಅತ್ತೆ ಅವರ ಮಂಚದ ಮೇಲೆ. ಅವಳ ಮೂರನೇ ಯಜಮಾನ ಎಂದು ನಕ್ಕವರಲ್ಲಿ ಆ ಯಂತ್ರವನ್ನು ಹೊತ್ತು ಓಡಿದವರೂ ಇದ್ದರು. ಅತ್ತೆ ಕಾಜಾ ಗಂಟುಗಳನ್ನು ಅಲ್ಲಿಗೇ ತರಿಸಿಕೊಂಡಳು. ಮೇಷ್ಟ್ರ ಅಡುಗೆಮನೆಯ ಜಿಡ್ಡು, ಸೊಳ್ಳೆಪರದೆಯ ತೂತು, ಅವರ ಗೊರಕೆ, ಒಂದನ್ನೂ ಬಿಡದೆ ದೂರಿದಳು. ಆದರೆ ನಾನು ಸಂಜೆ ಹೋದಾಗ, ನಮ್ಮ ಮನೆಯ ಕಿಟಕಿ ಹಾಕಿದ್ದೀಯಾ, ನಲ್ಲಿ ನಿಲ್ಲಿಸಿದ್ದೀಯಾ ಎಂದು ಕೇಳುತ್ತಿದ್ದಳು. ಗೋಡೆಯಾಚೆ ಇದ್ದ ಸ್ವಂತ ಮನೆಗೆ ಹೋಗಲಾರದೆ ಅವಳು ಒಳಗೇ ಬೇಯುತ್ತಿದ್ದಳು.

ಅವಳ ಲೈನು ವಾಪಸ್ ಬರಬೇಕಾದರೆ ಒಬ್ಬರು ಕಚೇರಿಗೆ ಹೋಗಿ, ಯಂತ್ರ ನನ್ನದಲ್ಲ ಅವಳದು ಎಂದರೆ ಸಾಕಿತ್ತು. ಅದನ್ನು ಹೇಳಬೇಕಾದವರು ಮೇಷ್ಟ್ರು. ಸತ್ಯ ಹೇಳಲೇಬೇಕು, ಆದರೆ ಸಮಯ ನೋಡಿ ಹೇಳಬೇಕು ಎಂದು ಅವರು ದಿನ ದೂಡಿದರು. ಅತ್ತೆ ಅವರ ಬೆಂಚಿನ ದಿಂಬನ್ನೂ ಕಿತ್ತುಕೊಂಡ ಮೇಲೆ ಸಮಯ ಬಂತು. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಮಧ್ಯಾಹ್ನ ತಲೆ ತಗ್ಗಿಸಿಕೊಂಡು ವಾಪಸ್ ಬಂದರು. ಅವರನ್ನು ಕಂಡ ಕೂಡಲೇ ಸಾಹೇಬರು ಕುರ್ಚಿ ಬಿಟ್ಟು ಎದ್ದು, ಇಂಥ ಸ್ಥಿತಿಯಲ್ಲಿ ಬಿಸಿಲಲ್ಲಿ ಯಾಕೆ ಬಂದಿರಿ ಎಂದು ಕೈಹಿಡಿದು ಕೂರಿಸಿ ನೀರು ಕೊಟ್ಟರಂತೆ. ಅಷ್ಟು ಗೌರವದ ಮುಂದೆ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಮತ್ತೇನು ಮಾಡಿದಿರಿ ಎಂದು ಕೇಳಿದೆ. ಮೆಲ್ಲಗೆ ಹೇಳಿದರು, ಒಂದೆರಡು ಸಲ ಕೆಮ್ಮಿದೆ ಎಂದು.

ಮರುದಿನ ನಾನೇ ಹೋದೆ. ಸಾಹೇಬರು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. ಕೇಳಿಸಿಕೊಂಡು, "ಲೈನ್ ತೆಗೆದು ಇಷ್ಟು ದಿನ ಆಯ್ತು. ನಿಮ್ಮ ಅತ್ತೆ ಚೆನ್ನಾಗೇ ಇದ್ದಾರೆ. ಅಂದರೆ ಕರೆಂಟ್ ಇಲ್ಲದೆ ಇರಬಲ್ಲರು ಅಂತಲೇ ಅರ್ಥ ಅಲ್ವಾ?" ಎಂದರು. ಅವಳು ಪಕ್ಕದ ಮನೆಯ ಕರೆಂಟಿನಲ್ಲಿ ಬದುಕಿದ್ದಾಳೆ ಎಂದೆ. ಅದಕ್ಕೆ ದಾಖಲೆ ಕೇಳಿದರು.

ಇದನ್ನು ಅತ್ತೆಗೆ ಹೇಳಿದಾಗ ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕೈಯಲ್ಲಿದ್ದ ಕೋಟನ್ನು ಮಡಚಿಟ್ಟು, "ಸತ್ತಿದ್ದರೆ ಕೊಡ್ತಿದ್ದರೇನೋ" ಎಂದಳು. ಆಮೇಲೆ, ನಾಳೆ ಆಟೋ ಕರೆಸು ಎಂದಳು. ಕಚೇರಿಯ ದಾರಿಗೆ ಆ ಚಿಕ್ಕ ಸಿಲಿಂಡರಿನಲ್ಲಿ ಉಳಿದಿರುವುದು ಹೋಗುವುದಕ್ಕೆ ಮಾತ್ರ ಸಾಕು, ಬರುವುದಕ್ಕೆ ಸಾಲದು ಎಂದು ನಾನು ಎಚ್ಚರಿಸಿದೆ. ಬರುವಾಗಿನದು ಅವರು ನೋಡಿಕೊಳ್ಳುತ್ತಾರೆ ಎಂದಳು.

ಯಂತ್ರವನ್ನು ಮೇಷ್ಟ್ರ ಕೈಯಲ್ಲೇ ಹೊರಿಸಿದಳು. ಕಚೇರಿಯಲ್ಲಿ ಖಾಲಿ ಪ್ಲಗ್ಗು ಎಲ್ಲೂ ಇರಲಿಲ್ಲ. ಸಾಹೇಬರ ಮೇಜಿನ ಹಿಂದೆ ಒಂದಿತ್ತು, ಅದರಲ್ಲಿ ಅವರ ಫ್ಯಾನು ತಿರುಗುತ್ತಿತ್ತು. ಅತ್ತೆ ನನಗೆ ಕಣ್ಣುಸನ್ನೆ ಮಾಡಿದಳು. ನಾನು ಫ್ಯಾನು ಕಿತ್ತು ಯಂತ್ರ ಸಿಕ್ಕಿಸಿದೆ. ಅದು ಗುರುಗುಡಲು ಶುರುಮಾಡಿತು. ಅತ್ತೆ ದೂರು ಕೊಡುವವರ ಬೆಂಚಿನಲ್ಲಿ ಕೂತು, ತಂದಿದ್ದ ಕೋಟಿನ ಗಂಟು ಬಿಚ್ಚಿ, ಕಾಜಾ ಕಟ್ಟಲು ತೊಡಗಿದಳು.

ಸಾಹೇಬರು ಇದು ಕಚೇರಿಯ ಕರೆಂಟು ಎಂದರು. ಮನೆಯದನ್ನು ನೀವು ಇಟ್ಟುಕೊಂಡಿದ್ದೀರಿ, ಅದಕ್ಕೆ ಇಲ್ಲಿಗೆ ಬಂದೆ ಎಂದಳು ಅತ್ತೆ. ಯಂತ್ರ ಯಾರದು ಎಂದು ಅವರು ಮೇಷ್ಟ್ರ ಕಡೆ ತಿರುಗಿ ಕೇಳಿದರು. ಮೇಷ್ಟ್ರು ಬಾಯಿ ತೆರೆದರು, ಅಭ್ಯಾಸಬಲದಿಂದ ಕೆಮ್ಮು ಬಂತು, ಅತ್ತೆ ಸೂಜಿ ಎತ್ತಿ ಅವರನ್ನೇ ನೋಡಿದಳು. ಕೆಮ್ಮು ನಿಂತಿತು. ಅವಳದು ಸಾರ್, ನನಗೆ ಯಾವ ಕಾಯಿಲೆಯೂ ಇಲ್ಲ ಎಂದರು. ಸಾಹೇಬರು, ಹಾಗಾದರೆ ಕಾಯಿಲೆ ಇಲ್ಲ ಎನ್ನುವುದಕ್ಕೆ ಡಾಕ್ಟರ ಪತ್ರ ತನ್ನಿ, ಆಮೇಲೆ ನೋಡೋಣ ಎಂದು ಬೇರೆ ಕಡತ ತೆಗೆದರು. ಅಷ್ಟು ದಿನ ಕಾದು ಹೊರಗೆ ಬಂದ ಸತ್ಯ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ದಿನವೆಲ್ಲ ಜನ ಬಂದರು, ಹೋದರು, ಯಂತ್ರವನ್ನು ನೋಡಿದರು. ಸಾಹೇಬರು ಫ್ಯಾನಿಲ್ಲದೆ ಬೆವರು ಒರೆಸಿಕೊಂಡರು. ಅತ್ತೆ ಕಾಜಾ ಕಟ್ಟುತ್ತಲೇ ಇದ್ದಳು. ಸಂಜೆ ಮುಚ್ಚುವ ಹೊತ್ತಾಯಿತು. ಕೆಲಸ ಮುಗಿದ ಕೂಡಲೇ ಮೇನ್ ಸ್ವಿಚ್ ಆರಿಸಬೇಕು ಎನ್ನುವುದು ಕರೆಂಟು ಉಳಿಸಲು ಸಾಹೇಬರೇ ತಂದ ನಿಯಮ. ಅಟೆಂಡರ್ ಎಂದಿನಂತೆ ಬಂದು ಸ್ವಿಚ್ಚಿಗೆ ಕೈ ಹಾಕಿ, ಅತ್ತೆಯನ್ನು ನೋಡಿ, ಸಾಹೇಬರನ್ನು ನೋಡಿದ. ಸಿಲಿಂಡರ್ ಹಾಕಿಕೊಂಡು ಹೊರಡಿ ಅಮ್ಮ ಎಂದರು ಸಾಹೇಬರು. ನಾನು ಸಿಲಿಂಡರಿನ ಮುಳ್ಳು ತೋರಿಸಿದೆ. ಸೊನ್ನೆ.

ಅತ್ತೆ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟಳು.

"ಅವನ ಕೈಯಲ್ಲಿ ಬೇಡ ಸಾಹೇಬ್ರೆ. ಅವತ್ತು ಲೈನ್‌ಮ್ಯಾನ್ ಕೈಯಲ್ಲಿ ಮಾಡಿಸಿ ನೀವು ಜೀಪಲ್ಲಿ ಕೂತಿದ್ರಿ. ಇವತ್ತು ನೀವೇ ಆರಿಸಿ. ನಾನು ಎದುರಿಗೇ ಇದ್ದೀನಿ, ಓಡಿಹೋಗಲ್ಲ."

ಸಾಹೇಬರು ಚೀಲ ಹೆಗಲಿಗೆ ಹಾಕಿಕೊಂಡು ಸ್ವಿಚ್ಚಿನ ಹತ್ತಿರ ನಡೆದರು. ಅವರ ಕೈ ಮೇಲೇರಿದ್ದನ್ನು ನಾನು ನೋಡಿದೆ. ಆ ಗಳಿಗೆಯಲ್ಲಿ ಆ ಮನುಷ್ಯನನ್ನು ಕೊಂದುಬಿಡುವಷ್ಟು ಸಿಟ್ಟು ನನಗಿತ್ತು, ಅತ್ತೆಯ ಮೇಲೂ ಇತ್ತು. ಕೈ ಅಲ್ಲೇ ನಿಂತಿತು, ಆಮೇಲೆ ಕೆಳಗೆ ಬಂತು. ಲೈನ್‌ಮ್ಯಾನನ್ನು ಕರೆದು, ಹೋಗಿ ಇವರ ಮನೆಗೆ ಫ್ಯೂಸ್ ಹಾಕು ಎಂದರು, ಯಾರನ್ನೂ ನೋಡದೆ. ಅವನ ಜೊತೆ ಮೇಷ್ಟ್ರೂ ಹೋದರು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಫೋನ್ ಮಾಡಿ, ತಾಯಿ, ದೀಪ ಬಂತು ಎಂದರು. ಅತ್ತೆ ಫೋನನ್ನು ಲೈನ್‌ಮ್ಯಾನ್ ಕೈಗೆ ಕೊಡಿ ಎಂದಳು. ಅವನ ಬಾಯಲ್ಲಿ ಕೇಳಿದ ಮೇಲೇ ನಂಬಿದಳು.

ಆಮೇಲೆ ತಾನೇ ಎದ್ದು ಪ್ಲಗ್ಗು ಕಿತ್ತಳು.

ಸಾಹೇಬರೇ ಜೀಪಿನಲ್ಲಿ ಕರೆದುಕೊಂಡು ಬಂದರು. ಯಂತ್ರ ಅವರ ಕಾಲ ಬಳಿ ಸುಮ್ಮನೆ ಕೂತಿತ್ತು. ಹತ್ತಿರದ ದಾರಿಯೇ, ಆದರೆ ಅತ್ತೆಯ ತುಟಿ ಮಧ್ಯದಲ್ಲೇ ನೀಲಿಯಾಯಿತು. ಎದೆ ಏರುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಗಂಟಲಿನಲ್ಲಿ ಗರಗಸ ಎಳೆದಂಥ ಸದ್ದು. ಅವಳು ಆಸರೆಗೆಂದು ಹಿಡಿದದ್ದು ಸಾಹೇಬರ ಮಣಿಕಟ್ಟನ್ನು, ಅವರು ಬಿಡಿಸಿಕೊಳ್ಳಲಿಲ್ಲ. ಡ್ರೈವರಿಗೆ ಬೇಗ, ಬೇಗ ಎಂದರು, ಅವರ ದನಿಯೇ ಅವರದ್ದಲ್ಲ. ಗೇಟಿನಿಂದ ಒಳಕ್ಕೆ ಯಂತ್ರವನ್ನು ಅವರೇ ಎತ್ತಿಕೊಂಡು ಓಡಿದರು, ಈ ಸಲ ಚಪ್ಪಲಿ ಬಿಡಲಿಲ್ಲ. ನಾನು ಪ್ಲಗ್ಗು ಸಿಕ್ಕಿಸಿದೆ. ಅತ್ತೆ ಗೋಡೆಗೊರಗಿ ಕಣ್ಣುಮುಚ್ಚಿದಳು. ಸಾಹೇಬರು ಬಾಗಿಲಲ್ಲೇ ನಿಂತರು, ಹೋಗಲೂ ಇಲ್ಲ, ಕೂರಲೂ ಇಲ್ಲ. ಬೀದಿಯವರು ಕಿಟಕಿಯಲ್ಲಿ ಮುಖ ಇಟ್ಟುಕೊಂಡು ನೋಡುತ್ತಿದ್ದರು. ನಿಧಾನವಾಗಿ ಅತ್ತೆಯ ತುಟಿಯ ಬಣ್ಣ ತಿರುಗಿತು.

ಅತ್ತೆ ಕಣ್ಣು ಬಿಟ್ಟಳು. ಎದುರಿಗೆ ನಿಂತಿದ್ದ ಸಾಹೇಬರನ್ನು ನೋಡಿದಳು. ಮಾತಾಡುವಷ್ಟು ಗಾಳಿ ಸೇರಿದ ಮೇಲೆ ಹೇಳಿದಳು.

"ಈಗ ಬರ್ಕೊಳ್ಳಿ. ಈ ಮನೆಯಲ್ಲಿ ಯಂತ್ರ ಇದೆ."